ಇಳಿಯುವ ನೀರಿಗೆ ಹಾಕಿದ ಗಂಟು

ಬುರ್ಗೋನ್ ಕಾಲುವೆ, ಜಿಸ್ಲೇನಳ ಗೇಟಿನ ಕೆಳಗೆ,
ಸಂತ ಲೊರಾನನ ದಿನದ ಮಾರನೇ ದಿನ, ಮಂಗಳವಾರ

ನನ್ನ ಸೊಲಾಂಜ್,

ನಿನ್ನ ಕಾಗದ ಬಂತು. ಎರಡು ಪುಟ, ಅದರಲ್ಲಿ ಒಂದೂವರೆ ಪುಟ ಬೈಗುಳ. ಈ ವಿದ್ಯೆ ನಿನಗೆ ಯಾರಿಂದ ಬಂತು ಎಂದು ನಾನು ಕೇಳುವ ಹಾಗಿಲ್ಲ. ಆದರೆ ನಾನು ಯಾರನ್ನಾದರೂ ಬೈಯುವಾಗ ಎದುರಿಗೆ ಒಂದು ಬಟ್ಟಲು ಸೂಪಾದರೂ ಇಟ್ಟು ಬೈಯುತ್ತಿದ್ದೆ. ನೀನು ಲಿಯೋನಿನಲ್ಲಿ ಕೂತು ಬರೀ ಹೊಟ್ಟೆಗೆ ಬೈದು ಕಳಿಸಿದ್ದೀಯ.

ಫೋನ್ ಯಾಕೆ ಎತ್ತುವುದಿಲ್ಲ ಎಂದು ಕೇಳಿದ್ದೀಯ. ಫೋನಿನಲ್ಲಿ ನೀನು "ಅಮ್ಮ, ಇಲ್ಲಿ ಕೇಳು" ಎಂದು ಶುರು ಮಾಡುತ್ತೀಯ, ಆಮೇಲೆ ನನಗೆ ಕೇಳುವುದೊಂದೇ ಕೆಲಸ. ಕಾಗದದಲ್ಲಾದರೆ ನನ್ನ ಮಾತು ಮುಗಿಯುವ ತನಕ ನೀನು ಬಾಯಿ ಮುಚ್ಚಿಕೊಂಡಿರಬೇಕು. ಅಕ್ಷರ ನೋಡಿ ನಗಬೇಡ. ನಾನು ಶಾಲೆಗೆ ಹೋದದ್ದು ನಿನ್ನ ತಾತನ ದೋಣಿ ಯಾವುದಾದರೂ ಊರಲ್ಲಿ ಗೋಧಿ ಇಳಿಸುವ ದಿನಗಳಲ್ಲಿ ಮಾತ್ರ. ಒಂದು ಹಳ್ಳಿಯಲ್ಲಿ ಕೂಡುವುದು ಕಲಿಸಿದರು; ಕಳೆಯುವುದನ್ನು ಕಲಿಸುವ ಹೊತ್ತಿಗೆ ದೋಣಿ ಖಾಲಿಯಾಗಿತ್ತು, ಹೊರಟುಬಿಟ್ಟೆವು. ಅದಕ್ಕೇ ಏನೋ, ಕಳೆಯುವ ಲೆಕ್ಕ ನನಗೆ ಇವತ್ತಿಗೂ ಬರುವುದಿಲ್ಲ.

ಎಲ್ಲಿದ್ದೀರಿ ಅಂತೀಯ. ಹೋದ ವಾರ ಎಲ್ಲಿದ್ದೆವೋ ಅಲ್ಲೇ. ಕಾಲುವೆಯ ಮುಂದಿನ ಗೇಟಿಗೆ ಇಲಾಖೆಯವರು ಸರಪಳಿ ಸುತ್ತಿ ಹಳದಿ ಹಲಗೆ ತೂಗುಹಾಕಿದ್ದಾರೆ. ನೀರಿಲ್ಲ, ಸಂಚಾರ ಬಂದ್. ಹಿಂದಿನ ಗೇಟು, ಅಂದರೆ ಜಿಸ್ಲೇನ್ ನೋಡಿಕೊಳ್ಳುವುದು, ನಾವು ಇಳಿದು ಬಂದ ಮಾರನೇ ದಿನವೇ ಮುಚ್ಚಿತು. ಮುಂದಕ್ಕಿಲ್ಲ, ಹಿಂದಕ್ಕಿಲ್ಲ. ನಮ್ಮ ಜೊತೆ ಸಿಕ್ಕಿಕೊಂಡಿದ್ದ ಇಂಗ್ಲಿಷ್ ಗಂಡ ಹೆಂಡತಿ ಬಾಡಿಗೆ ದೋಣಿಯ ಕೀಲಿಯನ್ನು ಜಿಸ್ಲೇನಳ ಕೈಗೆ ಕೊಟ್ಟು ಟ್ಯಾಕ್ಸಿ ಹತ್ತಿ ಹೋದರು. ದಡದವರಿಗೆ ಅದೊಂದು ಸುಖ, ದೋಣಿ ನಿಂತರೆ ಇಳಿದು ಹೋಗಬಹುದು.

ನೀರು ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತಿದೆ. ನಮ್ಮ ದೋಣಿ 'ನೀರುಕೋಳಿ' ಈಗ ತೇಲುತ್ತಿಲ್ಲ, ಕೆಸರಿನ ಮೇಲೆ ಕೂತಿದೆ, ಎಡಕ್ಕೆ ವಾಲಿಕೊಂಡು. ಮೇಜಿನ ಮೇಲೆ ಮೊಟ್ಟೆ ಇಟ್ಟರೆ ಉರುಳಿ ನಿಮ್ಮಪ್ಪನ ಮಡಿಲಿಗೆ ಬೀಳುತ್ತದೆ. ತಟ್ಟೆಯ ಒಂದು ಪಕ್ಕಕ್ಕೆ ಬಟ್ಟೆ ಮಡಚಿಟ್ಟು ಊಟ ಮಾಡುತ್ತೇವೆ. ಪಾಚಿ ಒಣಗಿ ನಾರುತ್ತದೆ, ಸತ್ತ ಮೀನನ್ನು ಬಕಗಳು ಕೂಡ ಮೂಸಿ ಬಿಡುತ್ತವೆ. ಜಿಸ್ಲೇನ್ ತನ್ನ ತೋಟದ ಟೊಮೇಟೊ ತಂದುಕೊಡುತ್ತಾಳೆ, ಒಳ್ಳೆಯ ಹೆಂಗಸು, ಮಾತು ಒಂದು ಜಾಸ್ತಿ. ದಿನಾ ಬೆಳಿಗ್ಗೆ ನಾನು ಮೋಡ ನೋಡುತ್ತೇನೆ. ಎಂಬತ್ತು ವರ್ಷ ನೀರಿನ ಮೇಲೆ ಬದುಕಿದವಳಿಗೆ ನೀರು ತರಿಸುವುದು ಹೇಗೆ ಅಂತ ಗೊತ್ತಿಲ್ಲ ನೋಡು. ಅದನ್ನು ಬಿಟ್ಟು ಉಳಿದದ್ದೆಲ್ಲ ಗೊತ್ತು.

ನಿಮ್ಮಪ್ಪನ ಸಮಾಚಾರ. ಬೆಳಿಗ್ಗೆ ಎದ್ದವನೇ ಟೋಪಿ ಹಾಕಿಕೊಂಡು ಎಂಜಿನ್ನಿನ ಎಣ್ಣೆ ನೋಡುತ್ತಾನೆ. ಆಮೇಲೆ ಚುಕ್ಕಾಣಿಯ ಹತ್ತಿರ ನಿಂತು ನಾನು ಹಗ್ಗ ಬಿಚ್ಚಲಿ ಎಂದು ಕಾಯುತ್ತಾನೆ. ನೀರಿಲ್ಲ ಎಂದರೆ ಅವನಿಗೆ ಅರ್ಥವಾಗುವುದಿಲ್ಲ, ಕಾಲುವೆಯಲ್ಲಿ ನೀರಿಲ್ಲ ಎಂದರೆ ಯಾರಿಗೆ ಅರ್ಥವಾದೀತು? ಅದಕ್ಕೆ ಒಂದು ಸುಳ್ಳು ಕಂಡುಕೊಂಡಿದ್ದೇನೆ. ಮುಂದೆ ದೋಣಿಗಳ ಸಾಲು ನಿಂತಿದೆ, ನಮ್ಮ ಸರದಿ ಬಂದಿಲ್ಲ ಅನ್ನುತ್ತೇನೆ. ಸಾಲು ಅವನಿಗೆ ಗೊತ್ತು. ಕಾಫಿ ಕುಡಿಯುತ್ತಾನೆ. ಬಟ್ಟಲು ಕೆಳಗಿಟ್ಟು ಮತ್ತೆ ಹೋಗಿ ಚುಕ್ಕಾಣಿಯ ಹತ್ತಿರ ನಿಲ್ಲುತ್ತಾನೆ. ಸರಕು ಏನು ಎಂದು ಕೇಳಿದರೆ ಗೋಧಿ ಅನ್ನುತ್ತೇನೆ. ಖಾಲಿ ಹೋಗುತ್ತಿದ್ದೇವೆ ಎಂದರೆ ಊಟ ಬಿಡುತ್ತಾನೆ. ನಮ್ಮ ದೊಡ್ಡ ದೋಣಿಯನ್ನು ಒಡೆದು ಕಬ್ಬಿಣಕ್ಕೆ ಹಾಕಿ ಎಷ್ಟೋ ವರ್ಷವಾಯಿತು, ಈ ಪುಟ್ಟ ದೋಣಿಯಲ್ಲಿ ಗೋಧಿ ತುಂಬುವುದು ಎಲ್ಲಿ, ನನ್ನ ಹಾಸಿಗೆಯ ಕೆಳಗಾ? ಅದನ್ನು ಅವನು ಕೇಳುವುದಿಲ್ಲ. ಕೇಳದಿರಲಿ.

ಕೆಲವು ದಿನ ನಾನು ಯಾರು ಅಂತ ಗೊತ್ತಿರುತ್ತದೆ, ಕೆಲವು ದಿನ ಇಲ್ಲ. ಹೋದ ಭಾನುವಾರ ನನ್ನನ್ನು ಹೊಸದಾಗಿ ಕೆಲಸಕ್ಕೆ ಬಂದವಳು ಅಂದುಕೊಂಡ. ಹಗ್ಗ ಸುತ್ತುವುದು ನೋಡಿ, ಕೈ ಪರವಾಗಿಲ್ಲ ಎಂದು ಹೊಗಳಿದ. ಅರವತ್ತು ವರ್ಷದ ಸಂಸಾರದಲ್ಲಿ ಮೊದಲ ಹೊಗಳಿಕೆ, ಅದೂ ಬೇರೆಯವಳಿಗೆ. ಆಮೇಲೆ ಮೆಲ್ಲಗೆ ಕೇಳಿದ, "ಹಿಂಗೆ ಇನ್ನೊಬ್ಬರ ದೋಣೀಲಿ ಇರ್ತೀಯಲ್ಲ, ನಿನ್ ಗಂಡ ಏನೂ ಅನ್ನಲ್ವಾ?"

"ನನ್ ಗಂಡಂಗೆ ಈಗ ಯಾವುದಕ್ಕೂ ಬೇಜಾರಿಲ್ಲ" ಅಂದೆ.

"ಪುಣ್ಯವಂತ" ಅಂದ ನಿಮ್ಮಪ್ಪ.

ನಕ್ಕುಬಿಡು, ನಾನೂ ನಕ್ಕೆ. ಬಟ್ಟೆ ಒಗೆಯುತ್ತಿದ್ದೆ, ನೊರೆ ಕಣ್ಣಿಗೆ ಹೋಯಿತು.

ಇನ್ನೊಂದು ವಿಷಯ ಹೇಳಿರಲಿಲ್ಲ, ಹೇಳಿದರೆ ನೀನು ಕೂಗಾಡುತ್ತೀಯ ಅಂತ. ಈ ಪ್ರಯಾಣ ಹೊರಟಾಗಿನಿಂದ ಅವನನ್ನು ಕಟ್ಟುತ್ತಿದ್ದೆ. ನೀನು ನಡೆಯಲು ಕಲಿತಾಗ ನಿನಗೆ ಹಾಕುತ್ತಿದ್ದೆನಲ್ಲ, ಎದೆಗೆ ಹಾಕುವ ತೊಗಲಿನ ಪಟ್ಟಿ, ಅದೇ. ನಮ್ಮ ದೋಣಿಯವರ ಮಕ್ಕಳೆಲ್ಲ ಹಾಗೇ ಬೆಳೆದದ್ದು, ಕರುವಿನ ಹಾಗೆ. ಹಗ್ಗ ಎಷ್ಟು ಬಿಡಬೇಕೆಂದರೆ ಮಗು ಅಂಚಿನವರೆಗೆ ಹೋಗಬೇಕು, ಅಂಚು ದಾಟಬಾರದು. ನೀನು ಆ ಪಟ್ಟಿಯನ್ನು ಕಚ್ಚುತ್ತಿದ್ದೆ, ನಿನ್ನ ಹಾಲುಹಲ್ಲಿನ ಗುರುತು ಇನ್ನೂ ಇದೆ. ಇವನ ಎದೆಗೆ ಸಾಲದೆ ಒಂದು ಹಳೇ ಬೆಲ್ಟನ್ನು ಸೇರಿಸಿ ಹೊಲಿದೆ. ಚುಕ್ಕಾಣಿಯ ಪಕ್ಕ ಕುರ್ಚಿ, ಕುರ್ಚಿಯ ಹಿಂದೆ ಕಂಬಿ, ಕಂಬಿಗೆ ಪಟ್ಟಿಯ ಹಗ್ಗ. ಗೇಟು ಬಂತೆಂದರೆ ಮೊದಲು ಅವನನ್ನು ಕಟ್ಟುವುದು, ಆಮೇಲೆ ಉಳಿದ ಕೆಲಸ. ಒಂದು ಸಲವೂ ತಪ್ಪಿಸಿಲ್ಲ. ಏನು ಮಾಡಲಿ? ನಿಮ್ಮಪ್ಪನಿಗೆ ಈಜು ಬರುವುದಿಲ್ಲ. ನಮ್ಮವರಲ್ಲಿ ಯಾರಿಗೆ ಬರುತ್ತಿತ್ತು? ಈಜು ಕಲಿತರೆ ಸಾಯುವುದು ತಡವಾಗುತ್ತದೆ ಅಷ್ಟೇ ಅನ್ನುತ್ತಿದ್ದರು. ಚುಕ್ಕಾಣಿ ಹಿಡಿಯುವುದೂ ನಾನೇ, ಹಗ್ಗ ಎಸೆಯುವುದೂ ನಾನೇ, ಅವನನ್ನು ಕಾಯುವುದೂ ನಾನೇ. ದೇವರು ಎರಡೇ ಕೈ ಕೊಟ್ಟಿದ್ದಾನೆ.

ಈಗ ಪಟ್ಟಿ ಹಾಕುವುದಿಲ್ಲ. ಬಿದ್ದರೂ ಕೆಸರಿಗೆ ಬೀಳುತ್ತಾನೆ.

ಇನ್ನು ಜಿಸ್ಲೇನ್ ನಿನಗೆ ಫೋನಿನಲ್ಲಿ ಹೇಳಿದ ವಿಷಯ. ನೀನು ದೋಣಿಯಲ್ಲಿ ಹುಟ್ಟಿದವಳು, ನಿನಗೆ ಗೊತ್ತು. ಆದರೆ ಈ ಕಾಗದವನ್ನು ನಿನ್ನ ಗಂಡ ಜೆರಾರನೂ ಓದುತ್ತಾನೆ, ಅವನು ದೋಣಿ ಹತ್ತಿದರೆ ದೋಣಿಗೇ ವಾಕರಿಕೆ ಬರುತ್ತದೆ, ಆದ್ದರಿಂದ ಬಿಡಿಸಿ ಬರೆಯುತ್ತೇನೆ. ಎರಡು ಗೇಟುಗಳ ನಡುವೆ ಕಲ್ಲಿನ ತೊಟ್ಟಿ. ಇಳಿಯುವಾಗ ತೊಟ್ಟಿ ತುಂಬಿರುತ್ತದೆ, ದೋಣಿ ಒಳಗೆ ಹೋಗುತ್ತದೆ, ಹಿಂದಿನ ಗೇಟು ಮುಚ್ಚುತ್ತದೆ. ದಡದ ಮೇಲಿನ ಕಬ್ಬಿಣದ ಗೂಟಕ್ಕೆ ಮುಂದಿನ ಹಗ್ಗವನ್ನು ಒಂದೇ ಸುತ್ತು ಹಾಕಿ ತುದಿಯನ್ನು ಕೈಯಲ್ಲಿ ಹಿಡಿದುಕೊಳ್ಳಬೇಕು. ತೂಬು ಎತ್ತಿದಾಗ ನೀರು ಇಳಿಯುತ್ತದೆ, ನೀರಿನ ಜೊತೆ ದೋಣಿ, ದೋಣಿಯ ಜೊತೆ ಹಗ್ಗ. ಹಗ್ಗವನ್ನು ಬಿಡುತ್ತಾ ಬಿಡುತ್ತಾ ಇರಬೇಕು, ಜಾಸ್ತಿಯೂ ಅಲ್ಲ ಕಡಿಮೆಯೂ ಅಲ್ಲ. ಗಂಟು ಮಾತ್ರ ಹಾಕಬಾರದು. ಹಾಕಿದರೆ ನೀರು ಇಳಿದುಹೋಗುತ್ತದೆ, ದೋಣಿ ಮಾತ್ರ ಗೋಡೆಗೆ ನೇತುಬೀಳುತ್ತದೆ. ನನ್ನ ತಾಯಿ ಹೇಳುತ್ತಿದ್ದಳು, ಏರುವ ನೀರಿಗೆ ಗಂಟು ಹಾಕಿದವಳು ಸೋಮಾರಿ, ಇಳಿಯುವ ನೀರಿಗೆ ಗಂಟು ಹಾಕಿದವಳು ವಿಧವೆ. ಅದಕ್ಕೇ ನಮ್ಮವರು ದೋಣಿಯ ಮುಂಭಾಗದಲ್ಲಿ, ಹಗ್ಗ ಕಟ್ಟುವ ಗೂಟದ ಪಕ್ಕ ಯಾವಾಗಲೂ ಒಂದು ಕೊಡಲಿ ಇಟ್ಟಿರುತ್ತಾರೆ. ಈ ಪುಟ್ಟ ದೋಣಿಯಲ್ಲಿಯೂ ನಿಮ್ಮಪ್ಪ ಇಟ್ಟಿದ್ದ. ರಜೆಗೆ ಬಂದವರು ನೋಡಿ, ಸೌದೆ ಒಡೆಯಲಿಕ್ಕಾ ಎಂದು ಕೇಳುತ್ತಿದ್ದರು.

ಆ ದಿನ ಗಂಟು ಬಿದ್ದಿತ್ತು. ನಿಮ್ಮಪ್ಪ ಹಾಕಿದ. ಅವನ ತಲೆಯ ಸ್ಥಿತಿ ನಿನಗೆ ಗೊತ್ತು.

ಜಿಸ್ಲೇನ್ ಆ ಕಡೆ ಬೆನ್ನು ತಿರುಗಿಸಿ ತೂಬು ಎತ್ತುತ್ತಿದ್ದಳು. ನೀರು ಇಳಿಯಿತು, ಮುಂಭಾಗ ಇಳಿಯಲಿಲ್ಲ. ಹಗ್ಗ ಕಿರ್ರೆಂದು ಬಿಗಿಯಿತು, ದೋಣಿಯ ಹಿಂಭಾಗ ಕುಸಿಯಿತು, ಒಳಗೆ ತಟ್ಟೆ ಲೋಟ ಎಲ್ಲ ಒಟ್ಟಿಗೆ ಬಿದ್ದ ಸದ್ದು. ಸದ್ದು ಕೇಳಿ ಅವಳು ತಿರುಗಿ ತೂಬು ಇಳಿಸಲು ಓಡಿದಳು. ಅಷ್ಟರಲ್ಲಿ ಕೊಡಲಿಯಿಂದ ಹಗ್ಗ ಕಡಿಯಲಾಯಿತು. ದೋಣಿ ದಬ್ಬೆಂದು ನೀರಿಗೆ ಬಿತ್ತು, ಎರಡು ಸಲ ಓಲಾಡಿತು, ನಿಂತಿತು. ನಿಮ್ಮಪ್ಪನ ಮೊಣಕೈ ತರಚಿದೆ, ನನಗೆ ಏನೂ ಆಗಿಲ್ಲ. ದೋಣಿಯವರನ್ನು ಕಾಯುವ ಸಂತ ನಿಕೊಲಾನ ಗೊಂಬೆ ಬಿದ್ದು ಮೂಗು ಹೋಯಿತು. ನಿನ್ನ ನೀಲಿ ಬಟ್ಟಲು ಒಡೆಯಿತು.

ಜಿಸ್ಲೇನ್ ಏಣಿ ಇಳಿದು ಬಂದಳು, ಮುಖ ಬಿಳುಚಿಕೊಂಡಿತ್ತು. ಗಂಟು ಹಾಕಿದ್ದು ಯಾರು ಎಂದು ಕೇಳಿದಳು. ನಾನು ನಿಮ್ಮಪ್ಪನ ಕಡೆ ನೋಡಿದೆ. ಅಷ್ಟೇ.

"ಪಾಪ, ಅವರಿಗೇನು ಗೊತ್ತಾಗುತ್ತೆ, ಬಿಡಿ ಅಮ್ಮ" ಅಂದಳು ಅವಳು.

ನಿಮ್ಮಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ತಪ್ಪಾಯ್ತು ಕಣಮ್ಮ" ಅಂದ ಜಿಸ್ಲೇನಳಿಗೆ. "ಇನ್ಮೇಲೆ ಹಿಂಗ್ ಮಾಡಲ್ಲ."

ಇಡೀ ಕಾಲುವೆಯಲ್ಲಿ ಯಾರ ಮುಂದೆಯೂ ಟೋಪಿ ತೆಗೆದವನಲ್ಲ ಅವನು.

ಈಗ ನಿನ್ನ ಕಾಗದದ ಉಳಿದ ಅರ್ಧ ಪುಟಕ್ಕೆ ಉತ್ತರ. ಅಪ್ಪ ದೋಣಿಯಲ್ಲಿದ್ದರೆ ನಿನ್ನ ಜೀವಕ್ಕೆ ಅಪಾಯ, ಶನಿವಾರ ಕಾರು ತಂದು ಅವನನ್ನು ಕರೆದುಕೊಂಡು ಹೋಗಿ ಸೋನ್ ನದಿಯ ದಂಡೆಯ ಆ ವೃದ್ಧರ ಮನೆಯಲ್ಲಿ ಬಿಡುತ್ತೇನೆ, ಅಲ್ಲಿ ಕೋಣೆ ಸಿದ್ಧವಾಗಿದೆ, ಈ ತಿಂಗಳು ದಾಟಿದರೆ ಬೇರೆಯವರಿಗೆ ಕೊಡುತ್ತಾರೆ ಎಂದು ಬರೆದಿದ್ದೀಯ. ಆದರೆ ಸೊಲಾಂಜ್, ವಸಂತದಲ್ಲಿ ನಾವು ಮಾತಾಡಿಕೊಂಡದ್ದು ಹೀಗಿರಲಿಲ್ಲ. ಅವನು ನೀರಿನ ಮೇಲೆಯೇ ಬರುತ್ತಾನೆ ಅಂತ ಮಾತಾಗಿತ್ತು. ಅವನಿಗೆ ತಿಳಿಸದೆ, ಸರಕು ತುಂಬಲು ಬಂದರಿಗೆ ಹೋಗುತ್ತಿದ್ದೇವೆ ಅಂತ ಹೇಳಿ, ಗೇಟಿನಿಂದ ಗೇಟಿಗೆ ಇಳಿಸಿಕೊಂಡು ಬಂದು, ಆ ಮನೆಯ ಕಿಟಕಿಯ ಕೆಳಗೇ ನೀರುಕೋಳಿಯನ್ನು ಕಟ್ಟಿ ಹಾಕುತ್ತೇನೆ, ಅವನು ಮೇಲೆ ಕೋಣೆಯಲ್ಲಿ, ನಾನು ಕೆಳಗೆ ದೋಣಿಯಲ್ಲಿ, ಬೆಳಿಗ್ಗೆ ಎದ್ದು ಕಿಟಕಿಯಿಂದ ನೋಡಿದರೆ ಅವನಿಗೆ ದೋಣಿ ಕಾಣಬೇಕು ಅಂತ. ನೀನೂ ಒಪ್ಪಿದ್ದೆ. ದೋಣಿಯಲ್ಲಿ ಹುಟ್ಟಿದವನನ್ನು ಮೂಟೆಯ ಹಾಗೆ ಕಾರಿಗೆ ಹಾಕಬೇಡ.

ಇದನ್ನೆಲ್ಲ ಬರೆಯುತ್ತೇನೆ, ಬರೆದು ಕಿಟಕಿಯಿಂದ ಹೊರಗೆ ನೋಡುತ್ತೇನೆ. ಕಾಲುವೆಯ ನಡುವೆ ಒಂದು ಬಕ ನಿಂತಿದೆ, ನೀರು ಅದರ ಮೊಣಕಾಲಿಗೂ ಬರುತ್ತಿಲ್ಲ. ಬರಬೇಡ ಅನ್ನುವುದಕ್ಕೆ ನನ್ನ ಹತ್ತಿರ ನೀರು ಬೇಕಲ್ಲ. ಮಳೆ ಬರುವ ತನಕ ಕೋಣೆ ಇಟ್ಟುಕೊಳ್ಳಿ ಅಂತ ಕೇಳಿ ನೋಡು. ಅವರು ಇಲ್ಲ ಅನ್ನುತ್ತಾರೆ, ಗೊತ್ತು. ಆದರೂ ಕೇಳು.

ಅವರು ಇಲ್ಲ ಅಂದರೆ, ಶನಿವಾರ ಬರಲೇಬೇಕು ಅಂತ ಇದ್ದರೆ, ಹೀಗೆ ಮಾಡು. ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸು. ಹಿಂದೆ ಕೂರಿಸಿದರೆ ಚುಕ್ಕಾಣಿ ಯಾರ ಕೈಯಲ್ಲಿದೆ ಅಂತ ಹೆದರುತ್ತಾನೆ. ಜೆರಾರನಿಗೆ ನಿಧಾನವಾಗಿ ಓಡಿಸಲು ಹೇಳು, ನಿಮ್ಮಪ್ಪ ಬದುಕಿನಲ್ಲಿ ನಡಿಗೆಗಿಂತ ಜೋರಾಗಿ ಎಲ್ಲಿಗೂ ಹೋದವನಲ್ಲ. ದಾರಿಯಲ್ಲಿ ಕೆಂಪು ದೀಪಕ್ಕೆ ನಿಂತರೆ ಮುಂದೆ ಸಾಲು ಇದೆ ಅನ್ನಿ. ಮಂಚವನ್ನು ಗೋಡೆಗೆ ತಾಗಿಸಿ ಹಾಕಿಸು, ಬೆನ್ನಿಗೆ ಹಲಗೆ ತಾಗದಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ. ಸೂಪಿಗೆ ಬ್ರೆಡ್ಡನ್ನು ಮೊದಲೇ ಮುರಿದು ಹಾಕಬಾರದು, ಅವನೇ ಮುರಿಯಬೇಕು. ನಾನು ಎಲ್ಲಿ ಅಂತ ಕೇಳಿದರೆ ಹಗ್ಗ ಬಿಚ್ಚಲು ಹೋಗಿದ್ದಾಳೆ ಅಂತ ಹೇಳಿ. ಹೊಸ ಕೆಲಸದವಳು ಎಲ್ಲಿ ಅಂತ ಕೇಳಿದರೂ ಅದನ್ನೇ ಹೇಳಿ.

ನಾನು ಇಲ್ಲೇ ಇರುತ್ತೇನೆ. ಮಳೆ ಬಂದ ಮೇಲೆ ದೋಣಿ ತೆಗೆದುಕೊಂಡು ಒಬ್ಬಳೇ ಇಳಿದು ಬರುತ್ತೇನೆ. ನನ್ನ ಬಗ್ಗೆ ಚಿಂತೆ ಬೇಡ, ಜಿಸ್ಲೇನ್ ಇದ್ದಾಳೆ. ಅವಳು ತನ್ನ ತೋಟದ ಟೊಮೇಟೊ ತಂದುಕೊಡುತ್ತಾಳೆ, ಹೇಳಿದೆನಾ?

ನಿನ್ನ ಮಕ್ಕಳಿಗೆ ನನ್ನ ಮುತ್ತು. ಜೆರಾರನಿಗೆ ನಮಸ್ಕಾರ, ಮುತ್ತು ಅಲ್ಲ.

ಬೈದರೂ ಬಿಡದ ನಿನ್ನ ತಾಯಿ,
ಎಲಿಯೆತ್

ಮರೆತ ಮಾತು: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ. ಅಂಚೆಗೆ ಹಾಕಲು ಜಿಸ್ಲೇನ್ ಬರುವುದು ತಡವಾಯಿತು, ಮತ್ತೆ ತೆಗೆದೆ. ಮರೆತ ಮಾತು ಅಂತ ಬರೆದೆ, ಆದರೆ ಮರೆತದ್ದಲ್ಲ.

ನೀನು ಗಮನವಿಟ್ಟು ಓದಿದ್ದರೆ ಇಷ್ಟು ಹೊತ್ತಿಗೆ ಕೇಳಿರುತ್ತೀಯ, ಹಿಂದೆ ಕುರ್ಚಿಗೆ ಕಟ್ಟಿ ಕೂರಿಸಿದ್ದವನ ಕೈ ಮುಂದಿನ ಹಗ್ಗಕ್ಕೆ ಹೇಗೆ ಎಟುಕಿತು ಅಂತ. ಎಟುಕಲಿಲ್ಲ. ನಾನು ಅವನ ಪಟ್ಟಿಗೆ ಗಂಟು ಹಾಕಿದೆ, ಎದ್ದು ಮುಂದೆ ಹೋದೆ, ಅದೇ ಕೈಯಿಂದ ದೋಣಿಯ ಹಗ್ಗಕ್ಕೂ ಅದೇ ಗಂಟು ಹಾಕಿದೆ. ಹಾಕಿದ್ದು ನನಗೆ ಗೊತ್ತೇ ಆಗಲಿಲ್ಲ. ಉಳಿದ ತುದಿಯನ್ನು ಹಿಡಿದುಕೊಂಡು, ಬಿಡುತ್ತಿದ್ದೇನೆ ಬಿಡುತ್ತಿದ್ದೇನೆ ಅಂದುಕೊಂಡು ನಿಂತಿದ್ದೆ. ಕಾಲ ಕೆಳಗೆ ದೋಣಿ ಓರೆಯಾದಾಗಲೂ ನಿಂತೇ ಇದ್ದೆ. ಕೊಡಲಿ ನನ್ನ ಕಾಲ ಬಳಿಯೇ ಇತ್ತು. ಅದು ಯಾತಕ್ಕೆ ಇಟ್ಟದ್ದು ಅಂತ ನನಗೆ ಹೊಳೆಯಲಿಲ್ಲ.

ನಿಮ್ಮಪ್ಪ ಜೇಬಿನ ಚಾಕು ತೆಗೆದು ಪಟ್ಟಿ ಕೊಯ್ದುಕೊಂಡ. ಕಂಬಿ ಹಿಡಿದು ತೆವಳುತ್ತಾ ಮುಂದೆ ಬಂದು, "ಎಲಿ, ಹಿಂದಕ್ಕೆ ಸರಿ" ಅಂದ, ಕೊಡಲಿ ಎತ್ತಿ ಒಂದೇ ಏಟಿಗೆ ಕಡಿದ. ಈಸ್ಟರ್ ಆದ ಮೇಲೆ ಅವನು ನನ್ನ ಹೆಸರು ಹಿಡಿದು ಕರೆದದ್ದು ಅದೊಂದೇ ಸಲ. ಜಿಸ್ಲೇನ್ ಏಣಿ ಇಳಿಯುವ ಹೊತ್ತಿಗೆ ಅವನಿಗೆ ಎಲ್ಲ ಮರೆತುಹೋಗಿತ್ತು. ಅದಕ್ಕೇ ನಾನು ಅವನ ಕಡೆ ನೋಡಿದೆ. ಅವನು ಟೋಪಿ ತೆಗೆದ.

ಅವನು ಕೊಯ್ದುಕೊಳ್ಳದೆ ಇದ್ದಿದ್ದರೆ, ದೋಣಿ ಮಗುಚಿದ್ದರೆ, ನಾನು ಹಾಕಿದ ಎರಡು ಗಂಟೂ ಗಟ್ಟಿಯಾಗಿಯೇ ಇರುತ್ತಿದ್ದವು. ನನ್ನ ಗಂಟು ಯಾವತ್ತೂ ಬಿಚ್ಚಿಕೊಂಡಿಲ್ಲ, ನಿನಗೂ ಗೊತ್ತು.

ಶನಿವಾರ ಬಾ. ಮುಂದಿನ ಸೀಟು ಅವನಿಗೆ, ಹಿಂದಿನದು ನನಗೆ. ನೀರುಕೋಳಿಯ ಕೀಲಿಯನ್ನು ಜಿಸ್ಲೇನಳಿಗೆ ಕೊಡುತ್ತೇನೆ, ಆ ಇಂಗ್ಲಿಷರ ಕೀಲಿಯ ಪಕ್ಕದ ಮೊಳೆಗೆ ತೂಗುಹಾಕಿಕೊಳ್ಳಲಿ. ಕೊಯ್ದ ಪಟ್ಟಿಯಲ್ಲಿ ನಿನ್ನ ಹಲ್ಲಿನ ಗುರುತಿರುವ ತುಂಡು ಉಳಿದಿದೆ, ತರುತ್ತೇನೆ.

ಹೊರಡುವ ಮುಂಚೆ ಆ ಮನೆಯವರನ್ನು ಒಂದು ಮಾತು ಕೇಳು. ಆ ಕೋಣೆಯಲ್ಲಿ ಇನ್ನೊಂದು ಮಂಚ ಹಿಡಿಸುತ್ತದೆಯೇ ಅಂತ. ಅಗಲ ಇಲ್ಲದಿದ್ದರೂ ಆದೀತು, ದೋಣಿಯಲ್ಲಿ ಮಲಗಿ ಅಭ್ಯಾಸವಿದೆ ಅನ್ನು.